ಬೆಳ್ಳಮ್ಮನ ಸೊಪ್ಪು, ಮರಿಸಿದ್ದಯ್ಯನ ಕಣ್ಣು

ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಏನಾಗುತ್ತದೆಂದು ಕೆರಗೋಡಿನ ಸುತ್ತಮುತ್ತ ಮಾತು ಕಲಿತ ಮಕ್ಕಳಿಗೂ ಗೊತ್ತು. ಕೊತಕೊತ ಕುದಿಯುತ್ತದೆ, ಬುಸುಗುಟ್ಟುತ್ತದೆ, ಹತ್ತಿರ ಹೋದವರ ಮೈಗೆ ಸಿಡಿಯುತ್ತದೆ. ಎಲ್ಲರಿಗೂ ಗೊತ್ತಿದ್ದ ಈ ಸಂಗತಿಯೇ ಎಪ್ಪತ್ತನಾಲ್ಕನೇ ಇಸವಿಯ ಯುಗಾದಿಯ ಮುಂದೆ ಬೆಳ್ಳಮ್ಮನ ಮನೆಗೆ ಮುಳುವಾಯಿತು.

ಹಬ್ಬಕ್ಕೆ ಗೋಡೆ ಬೆಳ್ಳಗೆ ಮಾಡೋಣವೆಂದು ಅವಳ ಗಂಡ ಮರಿಸಿದ್ದಯ್ಯ ಹಿತ್ತಲಿನ ಹಳೆಯ ಬಾನಿಗೆ ಸುಣ್ಣದ ಕಲ್ಲು ಹಾಕಿ ನೀರು ಹುಯ್ದ. ಹುಯ್ದವನು ಹಿಂದಕ್ಕೆ ಸರಿಯಬೇಕಿತ್ತು. ಕಲ್ಲು ಸರಿಯಾಗಿ ಅರಳುತ್ತಿದೆಯೋ ಇಲ್ಲವೋ ಎಂದು ಬಗ್ಗಿದ. ಬಾನಿ ಒಂದು ಸಲ ಗೊಟಕ್ಕೆಂದಿತು. ಬೆಂದ ಸುಣ್ಣದ ಮುದ್ದೆಯೊಂದು ಹಾರಿ ಅವನ ಬಲಗಣ್ಣಿಗೆ ಬಿತ್ತು.

ಎಡಗಣ್ಣು ಅವನಿಗೆ ಮೊದಲೇ ಇರಲಿಲ್ಲ. ಚಿಕ್ಕಂದಿನಲ್ಲಿ ಸಿಡುಬು ಎದ್ದಾಗ ಹೋಗಿತ್ತು. ಅವನ ಪಾಲಿಗೆ ಲೋಕವೆಲ್ಲ ಆ ಒಂದು ಬಲಗಣ್ಣಿನಲ್ಲೇ ಇತ್ತು.

ಕೂಗು ಕೇಳಿ ಪಕ್ಕದ ಮನೆಯ ಅಂಕಮ್ಮ ಚೆಂಬಿನ ತುಂಬ ನೀರು ಹಿಡಿದುಕೊಂಡೇ ಓಡಿಬಂದಳು. ಬೆಳ್ಳಮ್ಮ ಆ ಚೆಂಬನ್ನು ಪಕ್ಕಕ್ಕೆ ತಳ್ಳಿದಳು.

“ನೀರು ಮುಟ್ಟುಸ್‌ಬ್ಯಾಡ ಕಣಮ್ಮಿ. ಬಾನೀಲಿ ಕುದಿಯಾದು ಕಾಣಾಕಿಲ್ವಾ? ಕಣ್ಣೊಳಕ್ಕೆ ನೀರು ಉಯ್ದ್ರೆ ಅಲ್ಲೂ ಅಂಗೇ ಕುದಿತದೆ. ಒಳೀಕೋಗಿ ಅರಳೆಣ್ಣೆ ತತ್ತಾ.”

ಅಂಕಮ್ಮ ಎದುರಾಡಲಿಲ್ಲ. ಎಣ್ಣೆ ತಂದಳು. ಕಣ್ಣಿನ ವಿಷಯದಲ್ಲಿ ಆ ಸೀಮೆಗೆಲ್ಲ ಬೆಳ್ಳಮ್ಮನದೇ ಕಡೆಯ ಮಾತು.

ಅದು ಹೇಗೆಂದರೆ, ಬೆಳ್ಳಮ್ಮ ಮಳವಳ್ಳಿ ಕಡೆಯ ಹೆಣ್ಣು. ಅವಳು ಇನ್ನೂ ಲಂಗ ಉಡುವ ಕಾಲದಲ್ಲಿ ಅವಳ ಅಜ್ಜಿ ಒಂದು ಬೆಳಗಿನ ಜಾವ ಕೈ ಹಿಡಿದು ಕರೆದುಕೊಂಡು ಹೋಗಿ, ಬಂಡೆಗಳ ಸಂದಿಯಲ್ಲಿ ಹಬ್ಬಿದ್ದ ಒಂದು ಬಳ್ಳಿಯನ್ನು ತೋರಿಸಿದ್ದಳು. ಹೆಸರು ಹೇಳಲಿಲ್ಲ. ಹೆಸರು ಬಾಯಲ್ಲಿ ಬಂದರೆ ಸೊಪ್ಪಿನ ಕಸುವು ಹೋಗುತ್ತದೆ ಎಂಬ ಕಾರಣಕ್ಕೆ ಅಜ್ಜಿಗೂ ಯಾರೂ ಅದನ್ನು ಹೇಳಿರಲಿಲ್ಲವಂತೆ. ಭಾನುವಾರ ಹೊತ್ತು ಮೂಡುವ ಮುಂಚೆ ಕೀಳಬೇಕು. ಕಿತ್ತವಳು ರಸವನ್ನು ಕಣ್ಣಿಗೆ ಹಿಂಡುವ ತನಕ ತುಟಿ ಬಿಚ್ಚಬಾರದು. ತನ್ನ ಒಲೆಯ ಅನ್ನ ಉಣ್ಣುವವರಿಗೆ ತಾನು ಹಾಕಬಾರದು, ಹಾಕಿದರೆ ಹತ್ತುವುದಿಲ್ಲ. ಬಳ್ಳಿಯನ್ನು ಮನೆತನದ ಒಂದು ಹೆಣ್ಣಿಗೆ ಮಾತ್ರ ತೋರಿಸಬಹುದು. ತೋರಿಸಿದ ಗಳಿಗೆಗೆ ತೋರಿಸಿದವಳ ಕೈಗುಣ ತೀರಿತು. ಅಜ್ಜಿಯದೂ ಅಂದಿಗೆ ತೀರಿತು. ಆಮೇಲೆ ಆ ಮುದುಕಿ ಯಾರ ರೆಪ್ಪೆಯನ್ನೂ ಮುಟ್ಟಲಿಲ್ಲ.

ಮದುವೆಯಾಗಿ ಕೆರಗೋಡಿನ ಕಡೆ ಬಂದ ಬೆಳ್ಳಮ್ಮ ಅದೇ ಬಳ್ಳಿಯನ್ನು ನಾಲೆಯ ಏರಿಯ ಕಲ್ಲುಗಳ ನಡುವೆ ಕಂಡುಕೊಂಡಳು. ಅಲ್ಲಿಂದ ಮುಂದೆ ಭಾನುವಾರ ಬೆಳಗಾದರೆ ಅವಳ ಜಗುಲಿ ತುಂಬುತ್ತಿತ್ತು. ಕೊಯ್ಲಿನಲ್ಲಿ ಭತ್ತದ ಗರಿ ಚುಚ್ಚಿದವರು, ಕಬ್ಬು ಕಡಿಯುವಾಗ ಸೋಗೆ ಬಡಿದವರು, ಕಣ್ಣು ಬಿಡಲಾರದೆ ತಾಯಂದಿರ ಸೆರಗಿಗೆ ಮುಖ ಒತ್ತಿದ ಮಕ್ಕಳು. ಬೆಳ್ಳಮ್ಮ ಎಲೆಯನ್ನು ಅಂಗೈಯಲ್ಲಿ ಹೊಸೆದು, ಸೆರಗಿನ ತುದಿಯಲ್ಲಿ ಕಟ್ಟಿ ಹಿಂಡುತ್ತಿದ್ದಳು. ಹಸಿರು ಹನಿ ಬಿದ್ದ ಮೇಲೆಯೇ ಅವಳ ಬಾಯಿಂದ ಮೊದಲ ಮಾತು: “ಓಗು, ವಾಸಿಯಾಯ್ತದೆ.” ವೀಳ್ಯ ಒಂದನ್ನು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ.

ಆದರೆ ಹೋದ ಚಳಿಗಾಲದಲ್ಲಿ ನಾಲೆಯ ಏರಿ ದುರಸ್ತಿಯಾಯಿತು. ಕಲ್ಲು ಕಿತ್ತು ಹೊಸದಾಗಿ ಕಟ್ಟಿದರು. ಬಳ್ಳಿ ಬುಡಸಮೇತ ಹೋಯಿತು. ಜಗುಲಿ ಬರಿದಾಯಿತು. ಅದಾದ ಮೇಲೆ ಈ ಸುಣ್ಣ.

ಎಣ್ಣೆ ಹಾಕಿದ ಕಣ್ಣು ಮಾರನೆಯ ದಿನಕ್ಕೆ ಬದನೆಕಾಯಿಯಂತೆ ಊದಿಕೊಂಡಿತು. ಬೆಳ್ಳಮ್ಮ ಅವನನ್ನು ಬಸ್ಸಿನಲ್ಲಿ ಮಂಡ್ಯಕ್ಕೆ ಕರೆತಂದಳು. ಆಸ್ಪತ್ರೆಯ ಕಣ್ಣಿನ ವೈದ್ಯರು ಯೋಗಾನರಸಿಂಹ ಎಂಬುವರು. ಮಾತಿಗೆ ಮುಂಚೆ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸುವುದು ಅವರ ಅಭ್ಯಾಸ. ರೆಪ್ಪೆ ಮಗುಚಿ ಇನ್ನೂ ಅಂಟಿಕೊಂಡಿದ್ದ ಸುಣ್ಣದ ಚೂರುಗಳನ್ನು ಒಂದೊಂದಾಗಿ ತೆಗೆದರು. ಆಮೇಲೆ ನಳಿಗೆಯಲ್ಲಿ ನೀರು ಬಿಟ್ಟು ತೊಳೆದರು, ತೊಳೆದರು, ಸಾಕೋ ಸಾಕೆನ್ನುವಷ್ಟು ಹೊತ್ತು ತೊಳೆದರು. ಬೆಳ್ಳಮ್ಮ ಉಸಿರು ಹಿಡಿದು ನೋಡಿದಳು. ಏನೂ ಕುದಿಯಲಿಲ್ಲ.

“ಬಿದ್ದ ತಕ್ಷಣ ನೀರಲ್ಲಿ ತೊಳೆದ್ರಾ ಅಮ್ಮ?”

“ಇಲ್ಲ ಸ್ವಾಮಿ. ಸುಣ್ಣ ಕುದಿತದಲ್ಲ.”

ವೈದ್ಯರು ಕನ್ನಡಕ ಒರೆಸಿದರು. “ಬಾನಿಯಿಂದ ಹಾರಿದ್ದು ಆಗಲೇ ನೀರು ಕುಡಿದ ಸುಣ್ಣ. ಅದು ಇನ್ನು ಕುದಿಯಲ್ಲ, ಸುಡ್ತಾ ಕೂತಿರುತ್ತೆ. ಎಂಥಾ ಸುಣ್ಣ ಆದ್ರೂ ಅಷ್ಟೆ, ಬಿಂದಿಗೆಗಟ್ಟಲೆ ನೀರು ಹಾಕಿ ತೊಳೀಬೇಕು. ಅದೊಂದೇ ದಾರಿ.”

ಮರಿಸಿದ್ದಯ್ಯ ಮಂಚದ ಮೇಲೆ ಅಂಗಾತ ಮಲಗಿದ್ದ. ಅವನು ಊರಿನ ನೀರುಗಂಟಿ. ತೂಬು ಎತ್ತಿ, ಗದ್ದೆ ಗದ್ದೆಗೆ ಸರದಿಯಂತೆ ನೀರು ಹಂಚುವುದು ಅವನ ಅಪ್ಪನ ಕಾಲದಿಂದ ಬಂದ ಕೆಲಸ.

“ಇಡೀ ಊರ್ಗೆ ನೀರು ಬುಟ್ಟೋನು ನಾನು” ಎಂದ, ಸೂರಿನ ಕಡೆ ಮುಖ ಮಾಡಿಕೊಂಡೇ. “ನನ್ ಕಣ್ಗೆ ಒಂದ್ ಚೆಂಬು ನೀರು ಸಿಕ್ನಿಲ್ಲ ನೋಡಮ್ಮಿ.”

ಬೆಳ್ಳಮ್ಮ ಅವನ ಹೊದಿಕೆ ಸರಿಮಾಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬೈಯಲಿಲ್ಲ.

ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಊತ ಇಳಿಯಿತು, ನೋವು ಕಡಿಮೆಯಾಯಿತು. ಅವನು ಬೆಳಕಿನ ಕಡೆ ತಿರುಗಿ “ಏನೋ ಒಸಿ ಕಾಣ್ತದೆ ಕಣಮ್ಮಿ” ಅನ್ನತೊಡಗಿದ. ಬೆಳ್ಳಮ್ಮ ಮನಸ್ಸಿನಲ್ಲೇ ದೇವರಿಗೆ ಹರಕೆ ಹೊತ್ತು, ಇನ್ನೇನು ಊರಿಗೆ ಹೋಗಬಹುದೆಂದು ಬಟ್ಟೆ ಮಡಿಸಿಟ್ಟುಕೊಂಡಳು. ಆಗ ಒಂದು ಬೆಳಿಗ್ಗೆ ವೈದ್ಯರು ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದವರು, ನೋಡುತ್ತಲೇ ಉಳಿದರು. ಅವರ ಮುಖ ನೋಡಿ ಬೆಳ್ಳಮ್ಮ ಎದ್ದು ನಿಂತಳು.

“ಏನ್ ಸ್ವಾಮಿ?”

“ಬನ್ನಿ ಇಲ್ಲಿ. ನೀವೇ ನೋಡಿ” ಎಂದು ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟರು.

ಎಷ್ಟೋ ಜನರ ಕಣ್ಣಿಗೆ ಹನಿ ಹಿಂಡಿದವಳು ಬೆಳ್ಳಮ್ಮ. ಒಂದು ಕಣ್ಣನ್ನೂ ಹೀಗೆ ಕಂಡಿರಲಿಲ್ಲ. ಗಂಡನ ಕರಿಗುಡ್ಡೆ ಮಂಜು ಕವಿದಂತೆ ಮಬ್ಬಾಗಿತ್ತು. ಬಿಳಿಗುಡ್ಡೆಯ ಅಂಚಿನಿಂದ ಕೂದಲೆಳೆಗಿಂತ ಸಣ್ಣ ಕೆಂಪು ದಾರಗಳು ಹೊರಟಿದ್ದವು. ಒಂದು ಎರಡಾಗಿ, ಎರಡು ನಾಲ್ಕಾಗಿ ಕವಲೊಡೆದು, ಆ ಮಬ್ಬಿನೊಳಗೆ ನುಗ್ಗಿ ನಡುವಿನ ಪಾಪೆಯ ಕಡೆಗೆ ಮುಖ ಮಾಡಿದ್ದವು. ಎಲ್ಲವೂ ಒಂದೇ ಕಡೆಗೆ, ಯಾರೋ ಕರೆದಂತೆ.

“ಏನಿದು?” ಎಂದಳು.

“ರಕ್ತನಾಳ. ಕರಿಗುಡ್ಡೆ ಮುಂದೆ ಗಾಜಿನ ಥರ ಒಂದು ಪದರ ಇದೆಯಲ್ಲ, ಅದರಲ್ಲಿ ರಕ್ತನಾಳ ಇರೋದಿಲ್ಲ. ಇರಬಾರದು, ಅದಕ್ಕೇ ನಮಗೆ ಕಾಣೋದು. ಸುಣ್ಣ ಸುಟ್ಟ ಜಾಗ ‘ನನಗೆ ಬೇಕು’ ಅಂತ ಕೂಗ್ತಾ ಇದೆ. ಸುತ್ತಲ ನಾಳಗಳು ಆ ಕೂಗು ಕೇಳಿ ಬೆಳೆದುಕೊಂಡು ಬರ್ತಾ ಇವೆ. ರಿಪೇರಿಗೆ ಅಂತ ಬರೋದು. ಬಂದು ಕಣ್ಣನ್ನೇ ಮುಚ್ಚೋದು.”

ಮಂಚದ ಮೇಲಿನಿಂದ ಮರಿಸಿದ್ದಯ್ಯ ಕೇಳಿದ: “ಕಳ್ಳಗಂಡಿ ಬಿದ್ದಂಗಾ ಸ್ವಾಮಿ? ಏರಿಗೆ ಯಾರೋ ತೂತು ಒಡುದ್ರೆ ನೀರು ಬ್ಯಾಡದ ಕಡೀಕೆ ಓಯ್ತದಲ್ಲ, ಅಂಗೆ?”

“ಹಾಗೇ ಅನ್ನಿ. ಪಾಪೆ ಮುಟ್ಟಿದರೆ ಮುಗೀತು.”

“ಮುಚ್ಚಾಕ್ಕಾಗಾಕಿಲ್ವಾ ಗಂಡೀನ?”

“ಊತ ಇಳಿಸೋ ಡ್ರಾಪ್ಸು ಹಾಕ್ತಾ ಇದ್ದೀನಿ. ಅದರಿಂದ ನಾಳ ಬರೋದೂ ನಿಧಾನ ಆಗುತ್ತೆ. ನಿಂತೇ ನಿಲ್ಲುತ್ತೆ ಅಂತ ಹೇಳಲಾರೆ.”

ಬೆಳ್ಳಮ್ಮ ಭೂತಗನ್ನಡಿಯನ್ನು ಕೆಳಗಿಟ್ಟಳು. ಸುಣ್ಣ ಬಿದ್ದ ದಿನದಿಂದ ನಾಲಗೆಯ ತುದಿಯಲ್ಲಿದ್ದ ಮಾತು ಹೊರಬಂತು. “ನನ್ ಸೊಪ್ಪು ನಿಲ್ಲುಸ್ತದೆ ಸ್ವಾಮಿ.”

ವೈದ್ಯರು ನಗಲಿಲ್ಲ. ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತರು.

“ನೀವೇನಾ ಕೆರಗೋಡಿನ ಕಣ್ಣಿನ ಬೆಳ್ಳಮ್ಮ? ನಿಮ್ಮನ್ನ ನೋಡಬೇಕು ಅಂತ ಇದ್ದೆ. ಹೋದ ವರ್ಷ ಸೋಮನಹಳ್ಳಿಯಿಂದ ಒಂದು ಹುಡುಗಿಯನ್ನ ಕರ್ಕೊಂಡು ಬಂದಿದ್ರು. ಕಬ್ಬಿನ ಸೋಗೆ ಬಡಿದ ಕಣ್ಣು. ಗಾಯ ಮಾಗಿತ್ತು. ನಾಳಗಳು ಬಂದು, ಅರ್ಧ ದಾರೀಲೇ ನಿಂತು, ಒಣಗಿದ ಕಾಲುವೆ ಥರ ಬರಿದಾಗಿದ್ವು. ಏನು ಹಾಕಿದ್ರಿ ಅಂದೆ. ಬೆಳ್ಳಮ್ಮನ ಸೊಪ್ಪು ಅಂದ್ರು.”

ಬೆಳ್ಳಮ್ಮನ ಕಣ್ಣು ಅರಳಿತು.

“ಪೂರ್ತಿ ಕೇಳಿ. ನಿಮ್ಮ ಸೊಪ್ಪು ಹಾಕಿಸ್ಕೊಂಡು ಕಣ್ಣು ಕೀವಾಗಿ ಬಂದವರನ್ನೂ ನೋಡಿದ್ದೀನಿ. ಅವರಲ್ಲಿ ಕೆಲವರ ಕಣ್ಣು ತೆಗೆಯಬೇಕಾಯ್ತು.”

“ಸುಳ್ಳು” ಎಂದಳು ಬೆಳ್ಳಮ್ಮ. “ನನ್ತವ್ಕೆ ಒಬ್ರೂ ಬಂದು ಕೆಡ್ತು ಅಂದಿಲ್ಲ.”

“ಕೆಟ್ಟವರು ನಿಮ್ಮ ಹತ್ರ ವಾಪಸ್ಸು ಯಾಕೆ ಬರ್ತಾರಮ್ಮ? ಅವರು ಬರೋದು ನನ್ನ ಹತ್ರ. ವಾಸಿ ಆದವರು ನಿಮಗೆ ಎಲೆ ಅಡಿಕೆ ಕೊಡೋಕೆ ಬರ್ತಾರೆ, ನನ್ನ ಹತ್ರ ಬರಲ್ಲ. ನೀವು ಅರ್ಧ ನೋಡಿದ್ದೀರಿ, ನಾನು ಇನ್ನರ್ಧ ನೋಡಿದ್ದೀನಿ. ಪೂರ್ತಿ ನೋಡಿದವರು ಯಾರೂ ಇಲ್ಲ.”

ಈ ಮಾತು ಬೆಳ್ಳಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಜಗುಲಿಯಲ್ಲಿ ಕೂತು ಎದ್ದು ಹೋದ ಮುಖಗಳೆಲ್ಲ ನೆನಪಿಗೆ ಬಂದವು. ಯಾರು ಮತ್ತೆ ಬಂದರು? ಯಾರು ಬರಲಿಲ್ಲ? ಬರದವರ ಕಡೆ ಅವಳು ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ.

ವೈದ್ಯರು ಮೆಲ್ಲಗೆ ಮುಂದುವರಿಸಿದರು. ಹೊಸ ರಕ್ತನಾಳ ಬೆಳೆಯದಂತೆ ತಡೆದರೆ ಕೆಲವು ದೊಡ್ಡ ರೋಗಗಳನ್ನೇ ತಡೆಯಬಹುದು, ಕ್ಯಾನ್ಸರಿನ ಗಡ್ಡೆಯೂ ಹೀಗೇ ಕೂಗಿ ಕೂಗಿ ನಾಳಗಳನ್ನು ತನ್ನತ್ತ ಕರೆಸಿಕೊಂಡು ಬೆಳೆಯುತ್ತದೆ ಎಂದು ಹೊರದೇಶದ ವೈದ್ಯರು ಈಚೆಗೆ ಹೇಳತೊಡಗಿದ್ದಾರೆ. ತಡೆಯುವ ಔಷಧಿ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಗಿಡಗಳಲ್ಲಿ ಇದ್ದರೂ ಇರಬಹುದು. ಹಿತ್ತಲಿನ ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ಮದ್ದು ತೆಗೆದಿಲ್ಲವೇ? ಮರಿಸಿದ್ದಯ್ಯನ ಪಾಪೆ ಅಗಲವಾಗಲೆಂದು ತಾನು ಹಾಕುತ್ತಿರುವ ಹನಿಯೂ ಉಮ್ಮತ್ತಿಯ ಕುಲದ ಗಿಡದ್ದೇ.

“ಉಮ್ಮತ್ತಿನಾ?” ಬೆಳ್ಳಮ್ಮ ಹೌಹಾರಿದಳು. “ಅದ ತಿಂದೋರು ಬಟ್ಟೆ ಅರ್ಕೊಂಡು ಓಡ್ತಾರಲ್ಲ ಸ್ವಾಮಿ.”

“ಗಿಡವನ್ನ ಹಾಕ್ತಾ ಇಲ್ಲ. ಅದರೊಳಗಿನ ಒಂದು ಸತ್ವ ತೆಗೆದು, ಸೋಸಿ, ಅಳೆದು ಹಾಕ್ತಾರೆ. ನಿಮ್ಮ ಬಳ್ಳೀಲೂ ಅಂಥದೇನಾದ್ರೂ ಇದ್ದರೆ ತೆಗೆದು ನೋಡಬೇಕು. ನನಗೊಂದು ಹಿಡಿ ಸೊಪ್ಪು ಕೊಡಿ, ಮೈಸೂರಿಗೆ ಕಳಿಸ್ತೀನಿ. ಮೊದಲು ಮೊಲದ ಕಣ್ಣಿಗೆ ಹಾಕಿ ನೋಡ್ತಾರೆ.”

“ಅಷ್ಟೊತ್ಗೆ ಇವರ ಕಣ್ಣು?”

“ಇವರ ಕಣ್ಣಿಗೆ ಅದು ಒದಗೋದಿಲ್ಲ.” ವೈದ್ಯರು ಎದ್ದು ನಿಂತರು. “ಮತ್ತೆ ಒಂದು ಮಾತು. ನಾನು ಹಾಕ್ತಿರೋ ಡ್ರಾಪ್ಸು ಊತ ಇಳಿಸೋದ್ರ ಜೊತೆಗೆ ಕಣ್ಣಿನ ಕಾವಲನ್ನೂ ಸಡಿಲ ಮಾಡುತ್ತೆ. ಇಂಥ ಹೊತ್ತಲ್ಲಿ ಹಸಿ ಸೊಪ್ಪಿನ ರಸ ಬಿದ್ದು ಕೀವಾದ್ರೆ ಕಣ್ಣು ಕೈಗೆ ಸಿಗಲ್ಲ. ನನ್ನ ಮೇಲೆ ಕೋಪ ಮಾಡ್ಕೊಳ್ಳಿ, ಪರವಾಗಿಲ್ಲ. ಸೊಪ್ಪು ಮಾತ್ರ ಹಾಕಬೇಡಿ.”

ಅವರು ಹೋದ ಮೇಲೆ ಬೆಳ್ಳಮ್ಮನಿಗೆ ಕಣ್ಣು ಮುಚ್ಚಿದರೂ ಬಿಟ್ಟರೂ ಕಾಣಿಸುತ್ತಿದ್ದದ್ದು ಆ ಕೆಂಪು ದಾರಗಳೇ. ತಾನು ನೀರಿನ ಚೆಂಬು ತಳ್ಳಿದ್ದರಿಂದ ಹೊರಟವು ಅವು. ಕೈಕಟ್ಟಿ ಕೂತರೆ ಪಾಪೆ ಮುಟ್ಟುತ್ತವೆ. ತನ್ನ ಕೈಯಿಂದ ಸೊಪ್ಪು ಹಿಂಡುವಂತಿಲ್ಲ. ಅವನು ಉಣ್ಣುವುದು ತನ್ನ ಒಲೆಯ ಅನ್ನ. ತಾನು ಸೇರಿದ ಮನೆತನದ ಹೆಣ್ಣಾಗಿದ್ದು ಒಲೆ ಬೇರೆಯಾದವಳು ಲೋಕದಲ್ಲಿ ಒಬ್ಬಳೇ ಒಬ್ಬಳು. ಓರಗಿತ್ತಿ ಚಲುವಮ್ಮ. ಅಣ್ಣತಮ್ಮಂದಿರು ಬೇರೆಯಾದಾಗ ಒರಳುಕಲ್ಲು ಯಾರಿಗೆಂದು ಜಗಳವಾಗಿ, ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಬೆಳ್ಳಮ್ಮ ಊರಿಗೆ ಹೋಗಿ ಚಲುವಮ್ಮನ ಹೊಸಿಲ ಮುಂದೆ ನಿಂತಳು.

“ಏನಕ್ಕ, ದಾರಿ ತಪ್ಪಿ ಬಂದ್ಯಾ?” ಎಂದಳು ಚಲುವಮ್ಮ, ಮೊರದಿಂದ ತಲೆ ಎತ್ತದೆ. “ಒರಳುಕಲ್ಲು ಕೇಳಾಕೆ ಬಂದಿದ್ರೆ ಅದು ಏಳಾಕಿಲ್ಲ. ನೆಲಕ್ಕೆ ಊತಾಕಿವ್ನಿ.”

“ನಿಮ್ ಬಾವುನ್ ಕಣ್ಣು ಕೇಳಾಕೆ ಬಂದೆ.”

ಚಲುವಮ್ಮನ ಕೈಯಲ್ಲಿ ಮೊರ ನಿಂತಿತು. ಬೆಳ್ಳಮ್ಮ ಎಲ್ಲವನ್ನೂ ಹೇಳಿದಳು. ಕೆಂಪು ದಾರದ ಮಾತನ್ನು, ವೈದ್ಯರು ಬೇಡವೆಂದದ್ದನ್ನು, ಮೊಲಕ್ಕೆ ಹಾಕಿ ನೋಡಲು ಒಂದು ಹಿಡಿ ಕೇಳಿದ್ದನ್ನು, ಸೊಪ್ಪಿನ ಕಟ್ಟಳೆಯನ್ನು. ತೋರಿಸಿದ ಮೇಲೆ ತನ್ನ ಕೈಗೆ ಏನೂ ಉಳಿಯುವುದಿಲ್ಲ ಎಂಬುದನ್ನೂ.

“ನಂಗ್ಯಾಕವ್ವ ಊರೋರ್ ಕಣ್ಣಿನ ಉಸಾಬರಿ” ಎಂದಳು ಚಲುವಮ್ಮ. “ಅಲ್ದೆ ಮಳವಳ್ಳಿಯಿಂದ ಮಂಡ್ಯದ ಗಂಟ ಬಾಯಿ ಮುಚ್ಕೊಂಡು ಬರಾಕೆ ನನ್ ಕೈಲಾಯ್ತದಾ? ನಿನ್ ಮೈದ ನನ್ನ ಕಟ್ಕೊಂಡ್ ದಿನದಿಂದ ಅದೊಂದೇ ವರ ಬೇಡ್ತಾವ್ನೆ.” ಮೊರವನ್ನು ಗೋಡೆಗೆ ಒರಗಿಸಿದಳು. “ಬಾವ ಒಂದಿನಾನೂ ನನ್ನ ಏ ಅಂದೋರಲ್ಲ. ಬತ್ತೀನಿ ನಡಿ.”

ಶನಿವಾರ ಇಬ್ಬರೂ ಮಳವಳ್ಳಿ ಬಸ್ಸು ಹತ್ತಿ ಬೆಳ್ಳಮ್ಮನ ತವರಿಗೆ ಹೋದರು. ಭಾನುವಾರ ಇನ್ನೂ ಮಸುಕಿರುವಾಗ ಬಂಡೆಗಳ ಹತ್ತಿರ ಹೋಗಿ ನಿಂತರು. ಬಳ್ಳಿ ಇದ್ದಲ್ಲೇ ಇತ್ತು. ಬೆಳ್ಳಮ್ಮ ಕೈ ಚಾಚಿ ತೋರಿಸಿದಳು. ತೋರಿಸಿದ ಕೈ ಇಳಿಸುವಾಗ ಅದು ಇನ್ನು ಬರಿಯ ಕೈ, ಸಗಣಿ ಬಾಚುವ ಕೈ, ಎಂದುಕೊಂಡಳು. ಚಲುವಮ್ಮ ಸೊಪ್ಪು ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಿಗೆ ಸೇರಿಸಿ ತುಟಿ ಬಿಗಿದಳು.

ಮಳವಳ್ಳಿಯಿಂದ ಮದ್ದೂರಿಗೆ ಖಾಸಗಿ ಬಸ್ಸು. ಬಸ್ಸಿನ ತುಂಬ ಸಂತೆಯ ಜನ. ಕಂಡಕ್ಟರ್ ಬಂದು ಚಲುವಮ್ಮನನ್ನೇ ಮೊದಲು ಕೇಳಿದ. ಅವಳು ಕಿಟಕಿಯ ಕಡೆ ತಿರುಗಿದಳು.

“ಎಲ್ಲಿಗಮ್ಮ? ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ?”

“ಮದ್ದೂರ್ಗೆ ಎರಡು ಕೊಡಪ್ಪ” ಎಂದಳು ಬೆಳ್ಳಮ್ಮ. “ಅವಳು ಮಾತಾಡಂಗಿಲ್ಲ. ಮಡಿಲಲ್ಲಿ ಔಸದಿ ಸೊಪ್ಪದೆ.”

“ಎಂಗಸ್ರು ಮಾತು ನಿಲ್ಸೋ ಸೊಪ್ಪಾ? ನಮ್ ಮನೇಗೂ ಒಂದ್ ಕಟ್ಟು ಕೊಡಿ ತಾಯಿ.”

ಬಸ್ಸೆಲ್ಲ ನಕ್ಕಿತು. ಚಲುವಮ್ಮನ ಮುಖ ಕೆಂಪೇರಿ ಗಂಟಲ ನರ ಉಬ್ಬಿತು. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರನ್ನು ಅಲ್ಲೇ ಇಳಿಸಿಬಿಡುತ್ತಿದ್ದಳು. ನುಂಗಿಕೊಂಡಳು. ಬೆಳ್ಳಮ್ಮ ನಗಲಿಲ್ಲ. ಬಸ್ಸು ನಿಂತ ಕಡೆಯೆಲ್ಲ ಅವಳ ಮನಸ್ಸು ಮುಂದೆ ಮುಂದೆ ಓಡುತ್ತಿತ್ತು. ದಾರಗಳು ಈಗ ಎಲ್ಲಿಗೆ ಮುಟ್ಟಿರಬಹುದು? ಮದ್ದೂರಿನಲ್ಲಿ ಮಂಡ್ಯದ ಬಸ್ಸು ತಡವಾಯಿತು. ಬಿಸಿಲೇರುತ್ತಿದ್ದಂತೆ ಚಲುವಮ್ಮ ಬಟ್ಟೆಯ ಗಂಟಿಗೆ ನೀರು ಚಿಮುಕಿಸುತ್ತ ಬಾಯಿ ಬಿಡದೆ ಶತಪಥ ತುಳಿದಳು.

ವಾರ್ಡಿಗೆ ಬಂದಾಗ ದಾದಿ ಆಚೆ ತುದಿಯಲ್ಲಿದ್ದಳು. ಭಾನುವಾರವಾದ್ದರಿಂದ ದೊಡ್ಡ ವೈದ್ಯರು ಬರುವ ಹೊತ್ತಲ್ಲ. ಮರಿಸಿದ್ದಯ್ಯ ಕಣ್ಣಿಗೆ ಹತ್ತಿ ಕಟ್ಟಿಸಿಕೊಂಡು ಮಲಗಿದ್ದ. ಬೆಳ್ಳಮ್ಮ ಬಾಗಿಲಿಗೆ ಬೆನ್ನು ಮಾಡಿ ಮಂಚದ ಪಕ್ಕ ಮರೆಯಾಗಿ ನಿಂತಳು. ಚಲುವಮ್ಮ ಸೊಪ್ಪನ್ನು ಅಂಗೈಯಲ್ಲಿ ಹೊಸೆದು, ಸೆರಗಿಗೆ ಕಟ್ಟಿ, ಇನ್ನೊಂದು ಕೈಯಿಂದ ಕಣ್ಣಿನ ಕಟ್ಟು ಸಡಿಲಿಸಿದಳು.

“ಯಾರು?” ಎಂದ ಅವನು.

“ಚಲುವಿ” ಎಂದಳು ಬೆಳ್ಳಮ್ಮ. “ಸೊಪ್ಪು ತಂದಿವ್ನಿ. ಅವಳ ಕೈಲಿ ಆಕುಸ್ತೀನಿ. ಅಲ್ಲಾಡ್‌ಬ್ಯಾಡ.”

“ಡಾಕುಟ್ರು ಬ್ಯಾಡ ಅಂದವ್ರೆ.”

“ಅವರ ಮದ್ದಿಂದ್ಲೂ ನಿಲ್ತದೆ ಅಂತ ಏನೂ ಖಾತ್ರಿ ಇಲ್ವಲ್ಲ.”

ಮರಿಸಿದ್ದಯ್ಯ ಕೈ ಎತ್ತಿ ಗಾಳಿಯಲ್ಲಿ ತಡವಿದ. ಬೆಳ್ಳಮ್ಮನ ಮುಂಗೈ ಸಿಕ್ಕಿತು, ಹಿಡಿದುಕೊಂಡ.

“ಒಂದ್ ಮಾತು ಕೇಳ್ತೀನಿ. ಸುಣ್ಣ ಬಿದ್ ದಿನ ನೀರು ಬ್ಯಾಡ ಅಂದ್ಯಲ್ಲ. ಆವತ್ತು ನಿಂಗೆ ಧೈರ್ಯ ಇತ್ತಾ?”

“ಇತ್ತು.”

“ಈವತ್ತು?”

ಚಲುವಮ್ಮನ ಮುಷ್ಟಿ ಕಣ್ಣಿನ ಮೇಲೆ ಬಂದು ನಿಂತಿತ್ತು. ಸೆರಗಿನ ತುದಿಯಲ್ಲಿ ಹಸಿರು ಹನಿ ಕೂಡಿಕೊಳ್ಳುತ್ತಿತ್ತು. ಬೆಳ್ಳಮ್ಮ ಆ ಹನಿಯನ್ನೇ ನೋಡಿದಳು. ಸೋಮನಹಳ್ಳಿಯ ಹುಡುಗಿಯನ್ನು ನೆನೆದರೆ ಅದು ಮದ್ದಾಗಿ ಕಾಣುತ್ತಿತ್ತು. ಜಗುಲಿಗೆ ಮರಳಿ ಬರದವರನ್ನು ನೆನೆದರೆ ಕೆರೆಯ ಪಾಚಿ ನೀರಿನಂತೆ. ಸುಣ್ಣ ಬಿದ್ದ ದಿನ ಅಂಕಮ್ಮನ ಚೆಂಬನ್ನು ತಳ್ಳುವಾಗ ಕೈ ಒಂದಿಷ್ಟೂ ಅಳುಕಿರಲಿಲ್ಲ. ಅಳುಕಿದ್ದರೆ ಕಣ್ಣು ಉಳಿಯುತ್ತಿತ್ತು.

“ಅಂಥ ಧೈರ್ಯ ಇಲ್ಲ” ಎಂದಳು.

“ಆಕ್ಬೇಕಾ ಬ್ಯಾಡ್ವಾ, ನೀನೇ ಏಳು. ಅರ್ಧ ನೀನು ಕಂಡಿದ್ಯಾ, ಇನ್ನರ್ಧ ಅವರ ಬಾಯಲ್ಲಿ ಕೇಳಿದ್ಯಾ. ನಂಗೇನೂ ಕಾಣಾಕಿಲ್ಲ.”

ಹನಿ ತುಂಬಿ ತೂಗಿತು. ಬೆಳ್ಳಮ್ಮ ತನ್ನ ಅಂಗೈಯನ್ನು ಗಂಡನ ಕಣ್ಣಿನ ಮೇಲೆ ಅಡ್ಡ ಹಿಡಿದಳು. ಹನಿ ಅವಳ ಅಂಗೈ ಮೇಲೆ ಬಿತ್ತು.

“ಬ್ಯಾಡ ಚಲುವಿ.”

ಚಲುವಮ್ಮ ಅವಳ ಮುಖ ನೋಡಿದಳು, ಅಂಗೈ ನೋಡಿದಳು. ಬೆಳಗಿನ ಜಾವದಿಂದ ಕಟ್ಟಿದ್ದ ಏರಿ ಒಡೆಯಿತು.

“ಬ್ಯಾಡ್ವಾ? ಮಳವಳ್ಳಿಯಿಂದ ಬಾಯಿ ಒಲ್ಕೊಂಡು ಬಂದಿವ್ನಿ, ಈಗ ಬ್ಯಾಡ್ವಾ? ಆ ಕಂಡಕ್ಟ್ರ್ ಮುಂಡೇಮಗ ಅಂದಿದ್ನೆಲ್ಲ ಅನ್ನುಸ್ಕೊಂಡು, ಗಂಟ್ಲು ಕಟ್ಟಿ, ಒಂದು ಗುಟುಕು ಕಾಪೀನೂ ಕೇಳಿ ಈಸ್ಕೊಳ್ದೆ ಬಂದಿವ್ನಿ. ಇದ್ನ ಮೊದ್ಲೇ ಅನ್ನಾಕೆ ನಿನ್ಗೇನಾಗಿತ್ತಕ್ಕ? ಒರಳುಕಲ್ಲಿನ ಸೇಡು ಇಂಗೆ ತೀರುಸ್ಕೊಂಡ್ಯಾ?”

ಮಂಚದ ಮೇಲೆ ಮರಿಸಿದ್ದಯ್ಯನ ಹೊಟ್ಟೆ ಕುಲುಕಿತು. ಸುಣ್ಣ ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ದಾದಿ ಓಡಿಬಂದಳು. ಗಲಾಟೆ ಕೇಳಿ, ಬೇರೆ ಯಾರನ್ನೋ ನೋಡಲು ಬಂದಿದ್ದ ಯೋಗಾನರಸಿಂಹ ವೈದ್ಯರೂ ಬಂದರು. ಚಲುವಮ್ಮನ ಸೆರಗಿನ ಹಸಿರು ಕಲೆ ಕಂಡು ಅವರ ಮುಖ ಬಿಳಿಚಿತು. ಬಗ್ಗಿ ಮರಿಸಿದ್ದಯ್ಯನ ರೆಪ್ಪೆ ಬಿಡಿಸಿ ನೋಡಿದರು.

“ಬಿದ್ದಿಲ್ಲ ಸ್ವಾಮಿ” ಎಂದು ಬೆಳ್ಳಮ್ಮ ಅಂಗೈ ತೋರಿಸಿದಳು.

ಅವರು ಉಸಿರು ಬಿಟ್ಟರು. ಚಲುವಮ್ಮ ಮಡಿಲಿನಿಂದ ಉಳಿದ ಸೊಪ್ಪಿನ ಗಂಟನ್ನು ತೆಗೆದು ಅವರ ಮುಂದೆ ಹಿಡಿದಳು.

“ತಕ್ಕಳಿ ಸ್ವಾಮಿ. ಮೊಲಕ್ಕೋ ಇಲಿಗೋ ಆಕಿ ನೋಡಿ. ಬಳ್ಳಿ ಎಲ್ಲದೆ ಅಂತ್ಲೂ ತೋರುಸ್ತೀನಿ.”

“ಚಲುವಿ” ಎಂದಳು ಬೆಳ್ಳಮ್ಮ. “ಮನೆತನ ದಾಟುಸಂಗಿಲ್ಲ ಕಣೆ. ಗಂಡಸ್ರು ಕೈಗೆ ಕೊಡಂಗಿಲ್ಲ. ಕೊಟ್ರೆ ಸತ್ತೋಯ್ತದೆ ಅದು.”

“ಸಾಯ್ಲಿ ಬುಡು. ಬೆಳಿಗ್ಗೆ ಅದು ನಂದಾಯ್ತಲ್ಲ? ನೀನೇ ತಾನೆ ತೋರ್ಸಿದ್ದು? ನಂದು ಅಂದ್ಮ್ಯಾಕೆ ನಂಗಿಷ್ಟ ಬಂದೋರ್ಗೆ ಕೊಡ್ತೀನಿ. ಇನ್ಯಾರ್ಗೋ ಸುಣ್ಣ ಬಿದ್ರೆ ನಾನು ಬಾಯಿ ಕಟ್ಕೊಂಡು ಬಸ್ಸಲ್ಲಿ ಬರಾಕಾಗಾಕಿಲ್ಲ.”

ಬೆಳ್ಳಮ್ಮನಿಗೆ ತಡೆಯಬೇಕೆನಿಸಿತು. ತಡೆಯಲು ಏನು ಹಕ್ಕಿದೆಯೆಂದು ಹುಡುಕಿದಳು, ಸಿಗಲಿಲ್ಲ. ವೈದ್ಯರು ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡರು.

ಆಮೇಲಿನದು ಕಾಯುವ ಕಾಲ. ಯುಗಾದಿ ಆಸ್ಪತ್ರೆಯಲ್ಲೇ ಕಳೆಯಿತು. ಡ್ರಾಪ್ಸು ಹಾಕುವುದು, ಕಟ್ಟುವುದು, ಬಿಚ್ಚುವುದು. ವೈದ್ಯರು ಬ್ಯಾಟರಿ ಬಿಟ್ಟು ನೋಡಿದಾಗಲೆಲ್ಲ ಬೆಳ್ಳಮ್ಮ ಅವರ ಮುಖವನ್ನು ನೋಡುವಳು. ಅವರು ಏನನ್ನೂ ತೋರಿಸಿಕೊಳ್ಳರು. ಒಂದು ದಿನ ಕೆಂಪು ಇನ್ನೂ ಮುಂದೆ ಬಂದಿದೆ ಎಂದರು. ಅಂದು ಅವಳಿಗೆ ಅನ್ನ ಇಳಿಯಲಿಲ್ಲ. ಅಂಗೈಯಲ್ಲಿ ತಡೆದ ಹನಿ ಬಿದ್ದಿದ್ದರೆ ಎಂದು ಅಂದೆಲ್ಲ ಕೊರಗಿದಳು. ಮರುದಿನವೂ ಕೊರಗಿದಳು.

ಚೈತ್ರ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ವೈದ್ಯರು ಭೂತಗನ್ನಡಿಯನ್ನು ಮತ್ತೆ ಅವಳ ಕೈಗೆ ಕೊಟ್ಟರು. ದಾರಗಳು ಹೋಗಿರಲಿಲ್ಲ. ಒಂದು ಕವಲು ಪಾಪೆಯ ಕೆಳ ಅಂಚನ್ನು ದಾಟಿ ಒಳಗೆ ಕಾಲಿಟ್ಟಿತ್ತು. ಉಳಿದವು ಅಂಚಿನಲ್ಲೇ ನಿಂತು ಸಣ್ಣಗಾಗಿ, ಬಣ್ಣಗೆಟ್ಟಿದ್ದವು.

“ನಿಂತಿದೆ” ಎಂದರು ವೈದ್ಯರು. “ಮೇಲರ್ಧ ಬಿಟ್ಟುಕೊಟ್ಟಿದೆ. ಕಾಣುತ್ತೆ, ಮಸುಕಾಗಿ.”

“ಡ್ರಾಪ್ಸಿಂದ್ಲಾ ಸ್ವಾಮಿ?”

“ಇರಬಹುದು. ತಾನಾಗೇ ನಿಂತಿದ್ರೂ ನಿಂತಿರಬಹುದು.”

“ಸೊಪ್ಪು ಆಕಿದ್ರೆ ಇನ್ನೂ ಆಚೆಗೇ ನಿಲ್ತಿತ್ತಾ?”

ವೈದ್ಯರು ಕನ್ನಡಕ ತೆಗೆದು ಒರೆಸಿದರು. “ಗೊತ್ತಿಲ್ಲಮ್ಮ. ಮೈಸೂರಿನವರು ಬಳ್ಳಿ ಹೂ ಬಿಟ್ಟಾಗ ಮತ್ತೆ ಬೇಕು, ಜಾತಿ ಗುರುತಿಸೋದಕ್ಕೆ ಅಂದಿದ್ದಾರೆ. ನಿಮ್ಮ ಓರಗಿತ್ತಿ ತಂದುಕೊಡ್ತೀನಿ ಅಂದಿದ್ದಾರೆ. ಅದರಲ್ಲಿ ಏನೂ ಇಲ್ಲದೆಯೂ ಇರಬಹುದು.”

ಮರಿಸಿದ್ದಯ್ಯ ಎದ್ದು ಕೂತು ತಲೆಯನ್ನು ಸ್ವಲ್ಪ ಕೆಳಗೆ ಬಾಗಿಸಿ, ಮೇಲಿನ ಸಂದಿಯಿಂದ ಎದುರಿಗೆ ನೋಡಿದ. ವೈದ್ಯರು ಕೇಳಿದರು: “ಎದುರಿಗೆ ಯಾರು, ಹೇಳಿ.”

“ಬೆಳ್ಳಿ.”

“ಹೇಗೆ ಗೊತ್ತಾಯ್ತು? ಮುಖ ಕಾಣುತ್ತಾ?”

“ಮುಖ ಕಾಣಾಕಿಲ್ಲ ಸ್ವಾಮಿ. ಚಲುವಮ್ಮ ಆಗಿದ್ರೆ ಇಷ್ಟೊತ್ಗೆ ಮಾತಾಡಿರೋಳು.” ಹಾಗೆಂದು ಮತ್ತೊಂದು ಸಲ ದಿಟ್ಟಿಸಿ, ದನಿ ತಗ್ಗಿಸಿ ಹೇಳಿದ: “ಸೆರಗಲ್ಲಿ ಕಣ್ಣು ಒರ್ಸ್ಕೊತಾವ್ಳೆ. ಅದು ಕಾಣ್ತದೆ.”

ಮುಂಗಾರಿನ ಭತ್ತಕ್ಕೆ ನಾಲೆಯಲ್ಲಿ ನೀರು ಬಿಟ್ಟಾಗ ಅವನು ಗುದ್ದಲಿ ಹೆಗಲಿಗೇರಿಸಿ ಮತ್ತೆ ಏರಿಯ ಮೇಲೆ ನಡೆದ. ಬೆಳ್ಳಮ್ಮ ಜೊತೆಗೆ ನಡೆದಳು. ಭಾನುವಾರವೂ ಅವಳಿಗೆ ಈಗ ಬಿಡುವೇ. ಕಣ್ಣು ನೋವೆಂದು ಬಂದವರನ್ನು ಮಂಡ್ಯದ ಆಸ್ಪತ್ರೆಗೆ ಬಸ್ಸು ಹತ್ತಿಸುವ ಕೆಲಸವನ್ನು ಚಲುವಮ್ಮ ವಹಿಸಿಕೊಂಡಿದ್ದಳು. ತಡಮಾಡಿದವರಿಗೆ ಬೈಗುಳವೂ ಸಿಗುತ್ತಿತ್ತು. ಏರಿಯ ಮೇಲೆ ಎದುರಿಗೆ ಬರುವವರು ಯಾರೆಂದು ಬೆಳ್ಳಮ್ಮ ಮೊದಲೇ ಪಿಸುಗುಟ್ಟುವಳು, ಗಂಡ ಹೆಸರು ಹಿಡಿದು ಮಾತಾಡಿಸುವನು. ಬೆಳಗಿನ ಬಿಸಿಲಲ್ಲಿ ಗದ್ದೆಯಿಂದ ಗದ್ದೆಗೆ ನೀರು ಹೊಳೆಯುತ್ತ ಹರಿಯುವುದನ್ನು ಮಾತ್ರ ಅವನು ಯಾರನ್ನೂ ಕೇಳದೆ, ತಲೆ ಬಾಗಿಸಿ, ತಾನೇ ನೋಡಿಕೊಳ್ಳುತ್ತಿದ್ದ.